ತಪಾಸಣೆಗೆ ಬಂದ ಮಂಚ

ನಮ್ಮ ಮಂಡ್ಯದಲ್ಲಿ ಈಗ ಮುದುಕರನ್ನು ನೋಡಿಕೊಳ್ಳುವುದಕ್ಕೂ ಏಜೆನ್ಸಿಗಳಿವೆ. ನಾನು ಹೋದ ಏಜೆನ್ಸಿಯ ಬೋರ್ಡಿನ ಮೇಲೆ ಒಂದು ಹೃದಯ, ಅದರೊಳಗೆ ಎರಡು ಕೈ, ಕೆಳಗೆ 'ನಿಮ್ಮ ತಾಯಿ ನಮಗೂ ತಾಯಿ' ಎಂಬ ಬರಹ. ಬೋರ್ಡು ಬರೆದವನನ್ನು ಮೆಚ್ಚಲೇಬೇಕು. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಣ್ಣ ತಗಡಿನಲ್ಲಿ ಹಿಡಿಸಿದ್ದ.

ಅವ್ವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಾತು ಮಾತ್ರ ಎಲ್ಲಿಯೂ ಹೋಗಿರಲಿಲ್ಲ, ಮೊದಲಿಗಿಂತ ಚುರುಕಾಗಿತ್ತು ಎಂದರೂ ಸರಿಯೇ. ನಾನು ಬೆಳಿಗ್ಗೆ ಬ್ಯಾಂಕಿಗೆ ಹೊರಟರೆ ಗುತ್ತಲು ಬಡಾವಣೆಯ ಮನೆಗೆ ಮರಳುವುದು ಸಂಜೆ. ಅಷ್ಟು ಹೊತ್ತು ಅವಳ ಜೊತೆಗೆ ಒಬ್ಬರು ಬೇಕಿತ್ತು. ಏಜೆನ್ಸಿಯ ಮಾಲೀಕ, ಹಣೆ ತುಂಬ ಕುಂಕುಮ ಇಟ್ಟುಕೊಂಡು ಮುಂಗೈಗೆ ಕೆಂಪು ದಾರ ಸುತ್ತಿಕೊಂಡವನು, ಒಬ್ಬ ಹೋಮ್ ನರ್ಸನ್ನೂ ಎರಡೂ ಪಕ್ಕ ಕಂಬಿ ಇರುವ ಆಸ್ಪತ್ರೆ ಮಂಚವನ್ನೂ ಕಳಿಸುತ್ತೇನೆಂದು ಮಾತು ಕೊಟ್ಟ. ಹುಡುಗಿ ಮಾರನೆಯ ದಿನವೇ ಬಂದಳು. ಮಳವಳ್ಳಿ ಕಡೆಯವಳು, ಕೆಲಸದಲ್ಲಿ ಚುರುಕು. ಮಂಚ ಬರಲಿಲ್ಲ.

ಫೋನು ಮಾಡಿದಾಗಲೆಲ್ಲ "ನಾಳೆ ಬತ್ತದೆ ಅಕ್ಕ" ಎನ್ನುತ್ತಿದ್ದ. ಹಿಂದೆ ದೆವ್ವ ಒಳಗೆ ಬರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಇವನು ಅದನ್ನೇ ಗಿರಾಕಿಗಳಿಗೆ ಹೇಳಿಕೊಂಡು ವ್ಯಾಪಾರ ನಡೆಸುತ್ತಿದ್ದ. ನಾನೇ ಒಂದನ್ನು ಕೊಂಡು ತರುತ್ತೇನೆ ಎಂದು ರೇಗಿದರೆ, "ಅಯ್ಯೋ, ಗಾಡಿಗೆ ಲೋಡಾಗಿ ಮೈಸೂರು ಬುಟ್ಟಾಯ್ತು" ಎಂದು ಆಣೆ ಇಡುತ್ತಿದ್ದ, ನಾನೂ ನಂಬುತ್ತಿದ್ದೆ. ಆ ಮಂಚ ಮೈಸೂರಿನಿಂದ ತನ್ನ ನಾಲ್ಕು ಕಾಲಿನಲ್ಲಿ ನಡೆದು ಹೊರಟಿದ್ದರೂ ಅಷ್ಟು ಹೊತ್ತಿಗೆ ನಮ್ಮನೆ ಸೇರಬೇಕಿತ್ತು.

ಅಷ್ಟರಲ್ಲಿ ಅವ್ವ ಹಳೆಯ ಮಂಚದಿಂದ ಬಿದ್ದಳು. ಹುಡುಗಿ ಗಂಜಿ ತರಲು ಅಡುಗೆಮನೆಗೆ ಹೋಗಿದ್ದಳಂತೆ. ತಾನೇ ಮಗ್ಗುಲು ಬದಲಿಸಲು ಹೋದ ಅವ್ವ ನೆಲಕ್ಕೆ ಉರುಳಿ ಹಣೆ ಒಡೆದುಕೊಂಡಳು. ಹೊಲಿಗೆ ಹಾಕಿದ ಡಾಕ್ಟರು, "ಈ ಸಲ ಹಣೆ. ಇನ್ನೊಂದು ಸಲ ಬಿದ್ದು ಸೊಂಟ ಮುರಿದರೆ ಮತ್ತೆ ಕೂರೋದೂ ಇಲ್ಲ ಇವರು" ಎಂದರು.

ಅಂದಿನಿಂದ ಬೀಳುವ ಭಯಕ್ಕೆ ಅವ್ವನ ನಿದ್ದೆ ಹಾರಿಹೋಯಿತು. ತನ್ನದೇ ಒಂದು ಹಳೆಯ ನೂಲಿನ ಸೀರೆಯನ್ನು ಸೊಂಟಕ್ಕೆ ಸುತ್ತಿಸಿಕೊಂಡು, ತುದಿಯನ್ನು ಕಿಟಕಿ ಕಂಬಿಗೆ ಕಟ್ಟಿಸಿಕೊಳ್ಳತೊಡಗಿದಳು. "ಕರ ಕಟ್ಟಂಗೆ ಬಿಗ್ಯಾಗಿ ಕಟ್ಟು ಕಣವ್ವ" ಎನ್ನುತ್ತಿದ್ದಳು. ಜೀವಮಾನವೆಲ್ಲ ಹಸು ಎಮ್ಮೆ ಕಟ್ಟಿದವಳು. ದಿನಾ ಬೆಳಿಗ್ಗೆ ನಾನು ಹೆತ್ತ ತಾಯಿಯನ್ನು ಕಟ್ಟಿಹಾಕಿ ಕೆಲಸಕ್ಕೆ ಹೋಗುತ್ತಿದ್ದೆ. ಆ ಗಂಟು ಹಾಕುವಾಗ ಒಂದೊಂದು ದಿನ ಅಳು ಬರುತ್ತಿತ್ತು, ಒಂದೊಂದು ದಿನ ಆ ಮಾಲೀಕನ ಕುತ್ತಿಗೆಗೇ ಸುತ್ತೋಣ ಅನ್ನಿಸುತ್ತಿತ್ತು.

ಹೀಗಿರುವಾಗ ಏಜೆನ್ಸಿಯ ಸುರಕ್ಷತೆ, ಆಡಳಿತ ಎಲ್ಲ ನೋಡಲು ಜಿಲ್ಲಾ ಕಚೇರಿಯಿಂದ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಆಫೀಸು ನೋಡಿದ ಮೇಲೆ ಯಾರಾದರೂ ಒಬ್ಬ ರೋಗಿಯ ಮನೆಯನ್ನೂ ನೋಡಬೇಕಂತೆ. ಮಾಲೀಕ ನಮ್ಮ ಮನೆಯನ್ನು ಆರಿಸಿದ. ಕಾರಣ ಅವನೇ ಹೇಳಿದ: ಗೇಟಿನವರೆಗೆ ಕಾರು ಬರುತ್ತದೆ, ಕೂರಲು ಸೋಫಾ ಇದೆ.

ಗುರುವಾರ ಸಂಜೆ ಟೆಂಪೋದಲ್ಲಿ ಮಂಚ ಬಂತು. ಬಿಳಿ ಬಣ್ಣ, ಕಾಲಿಗೆ ಚಕ್ರ, ಎರಡೂ ಪಕ್ಕಕ್ಕೆ ಎತ್ತಿ ಇಳಿಸುವ ಕಂಬಿ. ಅವ್ವನನ್ನು ಮಲಗಿಸಿ ಕಂಬಿ ಏರಿಸಿದೆವು. ಅವಳು ಬಲಗೈಯಲ್ಲಿ ಅದನ್ನು ಹಿಡಿದು ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಅನ್ನಿಸಿದ ಮೇಲೆ ಕಣ್ಣು ಮುಚ್ಚಿದಳು. ಬೆಳಿಗ್ಗೆ ಕಾಫಿ ಕೊಡಲು ಹೋದಾಗ "ಸ್ಯಾನೆ ದಿನ ಆಗಿತ್ತು ಕಣವ್ವ ಇಂಗೆ ಮಲ್ಗಿ" ಎಂದಳು. ಕೈ ಇನ್ನೂ ಕಂಬಿಯ ಮೇಲೆಯೇ ಇತ್ತು. ಏನಾದರಾಗಲಿ, ಈ ಮಂಚ ಈ ಮನೆ ಬಿಟ್ಟು ಹೋಗಬಾರದು ಎಂದು ನಾನು ಆಗಲೇ ನಿಶ್ಚಯ ಮಾಡಿದೆ.

ಸಾಹೇಬರು ಬರುವ ಮೊದಲೇ ಮಾಲೀಕ ಬಂದ. ಶುಕ್ರವಾರ, ಒಳ್ಳೆಯ ದಿನ, ಹೊಸ ಕೆಲಸ ನಿರ್ವಿಘ್ನವಾಗಿ ಆಗಲಿ ಎಂದು ಮಂಚಕ್ಕೆ ಪೂಜೆ ಶುರುಮಾಡಿದ. ಕಂಬಿಗೆ ಅರಿಶಿನ ಕುಂಕುಮ ಬಳಿದ, ಚೆಂಡುಹೂವಿನ ಹಾರ ಬಿಟ್ಟ, ಆಯುಧಪೂಜೆಯಲ್ಲಿ ಲಾರಿಗೆ ಇಡುವ ಹಾಗೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ಆಮೇಲೆ ಕರ್ಪೂರ ಹಚ್ಚಿ ಮಂಚಕ್ಕೆ ಆರತಿ ಎತ್ತಿದ. ಅದರ ಮೇಲೆ ಒಬ್ಬ ಹೆಂಗಸು ಮಲಗಿದ್ದಾಳೆ ಎಂಬುದು ಅವನ ಗಮನಕ್ಕೆ ಬಂದಂತೆ ಕಾಣಲಿಲ್ಲ.

"ಯಾಕ್ಲಾ, ಈಗ್ಲೇ ಊವ ಆಕೀಯ? ನಾನಿನ್ನೂ ಸತ್ತಿಲ್ಲ ಕಣ್ಲಾ" ಎಂದಳು ಅವ್ವ.

"ನಿಮ್ಗಲ್ಲ ಅಜ್ಜಿ, ಮಂಚಕ್ಕೆ" ಎಂದು ಅವನು ತಾಳ್ಮೆಯಿಂದ ತಿಳಿಸಿ ತೆಂಗಿನಕಾಯಿ ಒಡೆಯಲು ಅಂಗಳಕ್ಕೆ ಹೋದ.

ಸಾಹೇಬರು ಬಂದರು. ಬಾಗಿಲಲ್ಲೇ ಶಾಲು, ಹಣ್ಣಿನ ಬುಟ್ಟಿ. ಸೋಫಾದ ಮೇಲೆ ಕೂತು ಮದ್ದೂರು ವಡೆ ತಿಂದರು. ಗರಿಗರಿಯಾಗಿದೆ ಎಂದು ಅಲ್ಲೂ ಒಂದು ತಪಾಸಣೆ ನಡೆಸಿದರು. ನಂತರ ಕೋಣೆಯ ಬಾಗಿಲಿಗೆ ಬಂದು, ಹುಡುಗಿಯ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹೊಸ ಗುರುತಿನ ಚೀಟಿ ನೋಡಿದರು, ಕೈಗೆ ಸ್ಯಾನಿಟೈಸರ್ ಹಾಕಿಸಿಕೊಂಡು ಮೂಸಿದರು. "ಸೇವೆ ತೃಪ್ತಿಕರವಾಗಿದೆಯೇ?" ಎಂದು ಕೇಳಿದರು. ಕೇಳಿದ್ದು ಮಾಲೀಕನನ್ನು. ತುಂಬ ತೃಪ್ತಿಕರವಾಗಿದೆ ಎಂದು ಅವನೇ ಒಪ್ಪಿದ.

ನಾನು ಸುಮ್ಮನಿರಲಿಲ್ಲ. "ಸಾರ್, ಈ ಮಂಚ ಬಂದದ್ದು ನಿನ್ನೆ ಸಂಜೆ" ಎಂದೆ.

"ಹೊಸದಾ? ಗುಡ್. ಅಪ್‌ಡೇಟ್ ಆಗ್ತಾ ಇದ್ದಾರೆ."

"ಇದಿಲ್ಲದೆ ನಮ್ಮವ್ವ ಬಿದ್ದು ಹಣೆ ಒಡೆದುಕೊಂಡಳು. ದಿನಾ ಸೀರೆಯಲ್ಲಿ ಕಟ್ಟಿಹಾಕುತ್ತಿದ್ದೆ."

"ಅದಕ್ಕೇ ಅಲ್ಲವೇ ಅಮ್ಮ, ಮಂಚ ಕೊಟ್ಟಿರೋದು!" ಎಂದು ಸಾಹೇಬರು ನನ್ನ ದಡ್ಡತನಕ್ಕೆ ನಕ್ಕರು. ಇಂಥ ಬುದ್ಧಿವಂತರಿಗೆ ಇನ್ನೇನು ಹೇಳುವುದು? ಮಂಚದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವ್ವನ ಮುಖದ ಕಡೆ ಒಂದು ಸಲವೂ ನೋಡಲಿಲ್ಲ. ಹೊರಡುವಾಗ ಮಾಲೀಕ, ಇವತ್ತು ಶುಕ್ರವಾರ, ತಾನು ಮಾಂಸ ಮುಟ್ಟುವುದಿಲ್ಲ, ಬಂಡೂರು ಕುರಿಯ ಊಟವನ್ನು ಭಾನುವಾರ ಮುತ್ತತ್ತಿಯ ಹೊಳೆ ದಂಡೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದು ಪಿಸುಗುಟ್ಟಿದ. ಸಾಹೇಬರು ಆ ವಿಷಯವನ್ನೂ ತೃಪ್ತಿಕರವೆಂದು ಭಾವಿಸಿದ ಹಾಗಿತ್ತು.

ಸಂಜೆ ನಾನು ಕಾದಿದ್ದಂತೆಯೇ ಟೆಂಪೋ ಮತ್ತೆ ಬಂತು. "ಸರ್ವೀಸಿಗೆ ಒಯ್ದು ನಾಳೆ ತಂದ್ಬುಡ್ತೀವಿ ಅಕ್ಕ" ಎಂದು ಮಾಲೀಕ ಹೊಸಿಲು ದಾಟಿದ. ನಾನು ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದೆ. ನನಗೆ ವಾರ ತಿಥಿಗಳಲ್ಲಿ ನಂಬಿಕೆಯಿಲ್ಲ, ಆದರೆ ಅವನಿಗಿರುವುದನ್ನು ಬೆಳಿಗ್ಗೆ ನೋಡಿದ್ದೆನಲ್ಲ.

"ಧಾರಾಳವಾಗಿ ತೆಗೆದುಕೊಂಡು ಹೋಗಿ" ಎಂದೆ. "ಶುಕ್ರವಾರ. ಮುಸ್ಸಂಜೆ. ದೀಪ ಹಚ್ಚಿದ ಮನೆ. ನಿಮ್ಮ ಕೈಯಾರೆ ಕಾಯಿ ಒಡೆದು ಪೂಜೆ ಮಾಡಿದ ವಸ್ತು. ಹೊಸಿಲು ದಾಟಿಸಿ, ನೋಡೋಣ."

ಅವನು ನಿಂತಲ್ಲೇ ನಿಂತ. ಟೆಂಪೋದವನಂತೂ ಕಂಬಿ ಮುಟ್ಟಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, "ಲಕ್ಷ್ಮಿ ಓದಂಗಾಯ್ತದೆ, ನಾನ್ ಮುಟ್ಟಾಕಿಲ್ಲ ಸಾಮಿ" ಎಂದ.

"ಓಗ್ಲಿ, ನಾಳೆ..." ಎಂದ ಮಾಲೀಕ.

"ನಾಳೆ ಸನಿವಾರ" ಎಂದಳು ಅವ್ವ ಮಂಚದ ಮೇಲಿಂದ. "ಕಬ್ಣ ಸಾಗಿಸ್ತೀಯೇನ್ಲಾ?"

ಭಾನುವಾರ ಮುತ್ತತ್ತಿ, ಅದು ನಮಗೂ ಗೊತ್ತಿತ್ತು. ಸರ್ಕಾರ ತಪಾಸಣೆ ಮಾಡಿ ಆಗದ ಕೆಲಸ ಒಂದು ಶುಕ್ರವಾರದಿಂದ ಆಯಿತಲ್ಲ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಮಾಲೀಕ ತಲೆ ಕೆರೆದುಕೊಂಡು, ಸ್ವಲ್ಪವೂ ನಾಚಿಕೆಯಿಲ್ಲದೆ ಬಾಯಿಬಿಟ್ಟ.

"ಇರೋದೇ ಇದೊಂದ್ ಮಂಚ ಅಕ್ಕ. ಮದ್ದೂರಲ್ಲೊಬ್ರು ತಾತ, ನಡ ಮುರ್ದೋದೋರು, ಅವರ ಮನೇಲಿತ್ತು. ಸಾಯೇಬ್ರು ಬತ್ತಾರೆ ಅಂತ ಎತ್ಕಂಬಂದೆ. ನೆನ್ನೆಯಿಂದ ಅವ್ರು ಚಾಪೆ ಮೇಲವ್ರೆ. ಓಗ್ಲಿ ಬುಡಿ, ಸೋಮವಾರದ್ ಗಂಟ ತಡ್ಕೊಳ್ಲಿ."

ನಿಜ ಹೇಳಬೇಕೆಂದರೆ, ತಡೆದುಕೊಳ್ಳಲಿ ಎಂದು ನನ್ನ ಮನಸ್ಸೂ ಒಂದು ಗಳಿಗೆ ಹೇಳಿತು. ಆ ತಾತನನ್ನು ನಾನು ಕಂಡಿಲ್ಲ, ಅವ್ವ ನನ್ನ ಕಣ್ಣೆದುರು ಇದ್ದಳು. ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು.

"ನಡ ಮುರ್ದೋನು ನೆಲದ ಮ್ಯಾಲವ್ನಾ?" ಎಂದು ಕೇಳಿದಳು.

"ಊಂ ಅಜ್ಜಿ."

"ಥೂ ನಿನ್ ಜನ್ಮಕ್ಕೆ! ಅವನ ನೆಲಕ್ಕೆ ಆಕ್ಬುಟ್ಟು ನೀನು ಸುಕ್ರವಾರ ನೋಡ್ತಾ ನಿಂತಿದ್ದೀಯಲ್ಲೋ. ಎತ್ಲಾ ಮಂಚವ! ಈಗ್ಲೇ ಎತ್ತು. ಲಕ್ಷ್ಮಿ ಓದ್ರೆ ನಮ್ಮನೇದು ಓಯ್ತಾಳೆ, ನಿಂಗೇನು?"

ಹೇಳಿ ಕಂಬಿಯಿಂದ ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡಳು. ನಾನೂ ಹುಡುಗಿಯೂ ಅವಳನ್ನು ಎತ್ತಿ ಹಳೆಯ ಮಂಚಕ್ಕೆ ಮಲಗಿಸಿದೆವು. ನಾಳೆಯೇ ಮೈಸೂರಿಗೆ ಹೋಗಿ ಒಂದನ್ನು ತರುತ್ತೇನೆ ಎಂದು ಅವಳ ಕಿವಿಯಲ್ಲಿ ಹೇಳಿದೆ, ಹೇಳಿದಂತೆ ತಂದೂಬಿಟ್ಟೆ. ಆದರೆ ಆ ಹೊತ್ತಿಗೆ ಅವಳಿಗೆ ಸಿಕ್ಕಿದ್ದು ಮಾತು ಮಾತ್ರ.

ಮಾಲೀಕ ಖಾಲಿ ಮಂಚದ ಮುಂದೆ ನಿಂತು ಚಪ್ಪಲಿ ಬಿಟ್ಟ. ಅದರ ಕಂಬಿ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡು, "ತಪ್ಪಾಯ್ತು, ಕ್ಸಮಿಸ್ಬುಡವ್ವ" ಎಂದು ಮಂಚಕ್ಕೆ ಕೈ ಮುಗಿದ. ಅವ್ವ ಅವನಿಂದ ಒಂದು ಮಾರು ದೂರದಲ್ಲಿ, ಗೋಡೆಯ ಪಕ್ಕ ಮಲಗಿಕೊಂಡು, ಅವನು ಮುಗಿಸುವವರೆಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸೀರೆ ತಕಂಬಾ ಮಗ" ಎಂದಳು. "ಬಿಗ್ಯಾಗಿ ಕಟ್ಟು."