ಬ್ಯಾರಿಗಳ ಬಾವಿಗೆ ಬಿದ್ದ ಬೀಗ

ಅದ್ರಾಮ ಬ್ಯಾರಿಗಳು ಯಾರ ಕ್ಷೇಮವನ್ನೂ ವಿಚಾರಿಸಿದವರಲ್ಲ. ಬಂದವನು ಹಗೆಯಾದರೂ ಅವರ ಮೊದಲ ಮಾತು, "ನೀರು ಬೇಕಾ?" ಬೇಡವೆಂದರೆ ಅವರ ಮುಖ ಸಣ್ಣದಾಗುತ್ತಿತ್ತು.

ಮಂಗಳೂರಿನ ಬಂದರಿನಲ್ಲಿ ನಮ್ಮ ಅಕ್ಕಿ ಅಂಗಡಿಯ ಪಕ್ಕದ ಮನೆ ಅವರದು. ಆ ಬೀದಿಯ ಬಾವಿಗಳೆಲ್ಲ ಉಪ್ಪು. ಅವರ ಅಂಗಳದ್ದೊಂದೇ ಸಿಹಿ. ಮಳೆಗಾಲ ಮುಗಿದರೆ ಮಸ್ಕತ್ತಿನ ಹಾಯಿಹಡಗುಗಳು ಖರ್ಜೂರ ತರುತ್ತಿದ್ದವು, ಜೆಪ್ಪುವಿನ ಹಂಚು, ನಮ್ಮ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ಹೊರಡುವ ಮುನ್ನ ಹಡಗಿನವರ ಪೀಪಾಯಿಗಳು ತುಂಬುತ್ತಿದ್ದದ್ದು ಈ ಬಾವಿಯಿಂದ. ಅತ್ತ ಮಸ್ಕತ್ತಿನಲ್ಲಿ, ಅಂಥದೊಂದು ಹಡಗಿನ ಯಜಮಾನ ಸಾಲೇಮನ ಮನೆಯ ಬಾವಿ ಮಂಜಿ ಎಂಬ ನಮ್ಮೂರ ಸರಕಿನ ಹಾಯಿದೋಣಿಗಳಿಗೆ ತೆರೆದಿರುತ್ತಿತ್ತು. ಇಬ್ಬರ ಅಜ್ಜಂದಿರು ಕೊಟ್ಟುಕೊಂಡ ಮಾತು ಅದು, ಅಷ್ಟೇ.

"ಊರಿಗೂ ಊರಿಗೂ ಸಂಬಂಧ ಅಂದ್ರೆ ಎಂತ ಶೆಟ್ರೇ?" ಎಂದು ನನ್ನ ತಂದೆಯನ್ನು ಕೇಳಿ ಬ್ಯಾರಿಗಳೇ ಉತ್ತರಿಸುತ್ತಿದ್ದರು. "ನಮ್ಮ ಮಕ್ಕಳ ಬಾಯಾರಿಕೆ ಅವರಿಗೆ ಗೊತ್ತುಂಟು, ಅವರದ್ದು ನಮಗೆ. ಮತ್ತೆಂತ ಬೇಕು ಮಾರಾಯ್ರೆ?"

ಸಾಲೇಂ ಬಂದರೆ ಅಂಗಳದಲ್ಲಿ ಹಬ್ಬ. ಇವರಿಗೆ ಅರಬ್ಬಿ ಅರೆಬರೆ, ಅವನಿಗೆ ತುಳು ನಾಲ್ಕು ಮಾತು. ಆದರೂ ಬೆಳಗಿನಿಂದ ಸಂಜೆಯವರೆಗೆ ನಗುತ್ತ ಕೂರುತ್ತಿದ್ದರು. ಖರ್ಜೂರ ಬೀದಿಗೆಲ್ಲ ಹಂಚಿಕೆ; ಬೆರಳು ನೆಕ್ಕಿ ತಿಂದವರಲ್ಲಿ ನಾವೂ ಇದ್ದೆವು.

ಎರಡನೇ ಮಹಾಯುದ್ಧ ಬಂತು. ಹೊರಗಿನ ಹಡಗುಗಳಲ್ಲಿ ಗೂಢಚಾರರಿದ್ದಾರೆಂದು ಯಾರೋ ಸುದ್ದಿ ಹಬ್ಬಿಸಿದರು. ಬೀದಿಯ ವ್ಯಾಪಾರಿಗಳು ಗುಂಪು ಕಟ್ಟಿ ಬ್ಯಾರಿಗಳ ಜಗಲಿಗೆ ಹೋದರು. ಎಲ್ಲರಿಗಿಂತ ಮುಂದೆ ನನ್ನ ತಂದೆ.

"ಆ ಹಡಗಿನವರಿಗೆ ನೀರು ಕೊಡ್ತೀರಂತ ಪೊಲೀಸರು ಬಂದ್ರೆ ಎಲ್ಲರಿಗೂ ಕಷ್ಟ ಬ್ಯಾರಿಗಳೇ. ಯುದ್ಧ ಮುಗಿಯುವವರೆಗೆ ಬಾವಿ ಮುಚ್ಚಿ."

"ಬಾವಿ ಮುಚ್ಚಿದ್ರೆ ಅಲ್ಲಿ ನನ್ನ ಮಗನಿಗೆ ಯಾರು ನೀರು ಕೊಡ್ತಾರೆ ಶೆಟ್ರೇ?" ಎಂದರು ಬ್ಯಾರಿಗಳು. ಅವರ ಮಗ ಮಸ್ಕತ್ತಿಗೆ ಹೋಗುವ ಮಂಜಿಯಲ್ಲಿ ದುಡಿಯುತ್ತಿದ್ದ. ಯಾರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೂ ಪೊಲೀಸರು ಬರಲೇ ಇಲ್ಲ, ನಮ್ಮವರ ಪುಕ್ಕಲುತನವೇ ಸಾಕಾಯಿತು. ಬೀದಿಯಲ್ಲಿ ಒಂಟಿಯಾದ ಬ್ಯಾರಿಗಳು ಬಾವಿಗೆ ಹಲಗೆ ಹಾಕಿ ಬೀಗ ಜಡಿದರು.

ಸಾಲೇಂ ಬಂದ. ಬೀಗ ನೋಡಿದ, ಬ್ಯಾರಿಗಳ ಮುಖ ನೋಡಿದ. ಖರ್ಜೂರದ ಬುಟ್ಟಿಯನ್ನು ಜಗಲಿಯಲ್ಲಿಟ್ಟು ಖಾಲಿ ಪೀಪಾಯಿ ಉರುಳಿಸಿಕೊಂಡು ಹೋದ. ಬ್ಯಾರಿಗಳು ಮುಟ್ಟದ ಆ ಖರ್ಜೂರವನ್ನೂ ನಮ್ಮ ಬೀದಿ ನಾಚಿಕೆಯಿಲ್ಲದೆ ತಿಂದು ಮುಗಿಸಿತು.

ಆ ವರ್ಷದ ಕೊನೆಯ ಮಂಜಿಯಲ್ಲಿ ಮಗ ಮಸ್ಕತ್ತಿನಿಂದ ಮರಳಿದ. ಬ್ಯಾರಿಗಳು ಹಡಗು ನಿಲ್ಲುವ ದಕ್ಕೆಗೆ ಓಡಿದರು. ನಾನೂ ಅಲ್ಲಿದ್ದೆ.

"ಅಲ್ಲಿ ನೀರು?"

"ಕೊಟ್ರು ಉಪ್ಪ," ಎಂದ ಮಗ ತಂದೆಗೆ. "ಯಾವಾಗಿನ ಹಾಗೆ. ಸಾಲೇಂ ಸಾಹೇಬರೇ ಕೊಡಪಾನ ಹಿಡ್ಕೊಂಡು ನಿಂತಿದ್ರು."

"ಬೈಲಿಲ್ವಾ?"

"ಇಲ್ಲ."

"ಬೈದಿದ್ರೆ ಒಳ್ಳೇದಿತ್ತು ಮೋನೆ," ಎಂದು ಮಗನಿಗೆ ಹೇಳಿ ಬ್ಯಾರಿಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅಂದೇ ಹೋಗಿ ಬೀಗ ಒಡೆದರು. ಆದರೆ ಸಾಲೇಮನ ಹಡಗು ಮತ್ತೆ ಮಂಗಳೂರಿನತ್ತ ತಲೆ ಹಾಕಲಿಲ್ಲ. ಬ್ಯಾರಿಗಳೂ ನಮ್ಮ ಬೀದಿಯವರನ್ನು ನೀರು ಬೇಕಾ ಎಂದು ಕೇಳುವುದನ್ನು ಬಿಟ್ಟರು. ಅದಕ್ಕೆ ನಾವು ತಕ್ಕವರೇ.

ಅವರು ಹಾಸಿಗೆ ಹಿಡಿದಾಗ ತಂದೆಯೊಂದಿಗೆ ನೋಡಲು ಹೋಗಿದ್ದೆ. ತುಟಿ ಒಣಗಿ ಬಿರಿದಿತ್ತು. ತಂದೆ ತಲೆದೆಸೆಯ ತಂಬಿಗೆ ಎತ್ತಿಕೊಂಡು ಮೆಲ್ಲಗೆ ಕೇಳಿದರು, "ನೀರು ಬೇಕಾ ಬ್ಯಾರಿಗಳೇ?"

ಅವರು ಬಾಯಿ ಬಿಗಿದು ಗೋಡೆಯ ಕಡೆ ತಿರುಗಿದರು.