ಶಿಷ್ಯ ಕಟ್ಟಿದ ಎಂಜಿನ್

ತಿಕೋಟಾದ ಅಮರಪ್ಪ ಸಾಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೆ ಮೂವತ್ತೈದು ವರ್ಷ ಎಂಜಿನ್‌ಗಳ ಜೊತೆ ಕಳೆದ ಅವನ ಕಿವಿಯನ್ನು ಸುತ್ತಲಿನ ಹಳ್ಳಿಗಳವರು ನಂಬುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಿಂತರೆ ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದ.

ಈ ವಿದ್ಯೆಯನ್ನು ಅವನು ಕಲಿಸಿದ್ದು ಸತೀಶಕುಮಾರನೊಬ್ಬನಿಗೇ. ಒಂಬತ್ತು ವರ್ಷ ಕೈಕೆಳಗಿದ್ದ ಸತೀಶ ಮೂರು ವರ್ಷದ ಹಿಂದೆ ವಿಜಯಪುರದಲ್ಲಿ ಸ್ವಂತ ಗ್ಯಾರೇಜು ತೆರೆದ. ಅಮರಪ್ಪ ಹೋಗಿ ಕಾಯಿ ಒಡೆದು ಹರಸಿ ಬಂದ. ಹೊಟ್ಟೆಯಲ್ಲಿ ಉರಿ ಎದ್ದದ್ದೂ ಅಂದೇ. ನೆಲಕ್ಕೆ ಬಿಳಿ ಟೈಲ್ಸು, ಕಾರನ್ನು ಎತ್ತಿ ನಿಲ್ಲಿಸುವ ಲಿಫ್ಟು, ಗಿರಾಕಿಗಳಿಗೆ ಸೋಫಾ! ತಿಕೋಟಾದ ಗಿರಾಕಿಗಳೂ ಒಬ್ಬೊಬ್ಬರಾಗಿ ಅತ್ತ ಹೊರಳಿದರು. ರಸ್ತೆಯಲ್ಲಿ ಸತೀಶ ಕಟ್ಟಿದ ಎಂಜಿನ್ನಿನ ಕಾರು ಚೆನ್ನಾಗಿ ಓಡಿಹೋದರೆ ಅಮರಪ್ಪನಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಒಂದು ಮುಂಜಾನೆ ಘೋಣಸಗಿಯ ಸಾಬಣ್ಣನ ಹಳೆಯ ಡೀಸೆಲ್ ಕಾರು ಅವನ ಗ್ಯಾರೇಜಿನ ಮುಂದೆ ನಿಂತಿತು. ಬಬಲೇಶ್ವರದ ಮಗಳ ಮನೆಗೆ ಹೊರಟಿದ್ದ ಸಾಬಣ್ಣನ ತಾಯಿ ಗುರುಸಿದ್ದವ್ವ ಹಿಂದೆ ಕೂತಿದ್ದಳು.

“ಕಾಕಾ, ಎಂಜಿನ್ ಹೊಸದಾಗಿ ಕಟ್ಟಿಸಿ ಇಪ್ಪತ್ತ ದಿನ ಆಗಿಲ್ಲ, ಟಕ್ ಟಕ್ ಅನ್ನಾಕತ್ತೈತಿ,” ಎಂದ ಸಾಬಣ್ಣ.

“ಇಪ್ಪತ್ತ ವರ್ಷ ನನ್ನ ಕಡೆ ಬಂದಿ. ಎಂಜಿನ್ ಕಟ್ಟಸಾಕ ವಿಜಾಪುರ ಬೇಕಾತು. ಸೋಫಾ ಭಾಳ ಮೆತ್ತಗ ಇತ್ತೇನ್ಲೇ?”

“ಬೈಬ್ಯಾಡೋ ಕಾಕಾ. ಬೇರಿಂಗ್ ಹೋಗೇತಿ ಅಂತ ನೀ ಅಂದ್ರ ಇವತ್ತ ಇಲ್ಲೇ ಎಂಜಿನ್ ಇಳಸೂಣು. ಸತೀಶನ ಕಡೆ ಮತ್ತ ಕಾಲಿಡೂದಿಲ್ಲ. ಊರಾಗ ಎಲ್ಲಾರಿಗೂ ಹೇಳತೇನಿ.”

ಮೂರು ವರ್ಷದಿಂದ ಅಮರಪ್ಪ ಕಾದಿದ್ದ ಮಾತಿದು. ಸ್ಕ್ರೂಡ್ರೈವರನ್ನು ಕಿವಿಗಿಟ್ಟ. ಟಕ್, ಟಕ್.

“ಬೇರಿಂಗ್ ಲೇ! ಅವಸರಾ ಮಾಡ್ಯಾನ ನಿಮ್ಮ ಸತೀಶ.”

ಅಂದಮೇಲೆ ಅಳುಕಿದ. ಕಿವಿ ಹೇಳಿದ್ದನ್ನು ಕೈಯಿಂದ ಖಾತ್ರಿ ಮಾಡಿಕೊಳ್ಳದೆ ಎಂಜಿನ್ ಬಿಚ್ಚಬಾರದೆಂದು ಸತೀಶನಿಗೆ ಕಲಿಸಿದವನು ಅವನೇ. ಡೀಸೆಲ್ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಬೇರಿಂಗ್ ಕೆಟ್ಟಿದ್ದರೆ ಆ ಸಿಲಿಂಡರಿಗೆ ಡೀಸೆಲ್ ನಿಂತಾಗ ಸದ್ದು ತಗ್ಗಬೇಕು. ನಾಲ್ಕೂ ನೋಡಿದ, ಸದ್ದು ಇದ್ದಂತೆಯೇ ಇತ್ತು. ರೇಸ್ ಕೊಟ್ಟರೆ ಹೆಚ್ಚಾಗುವ ಬದಲು ಅಡಗಿಯೇ ಹೋಯಿತು.

ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿದ. ರೇಡಿಯೇಟರಿನ ಹಿಂದಿನ ಪಟ್ಟಿಗೆ ಕರಿದಾರದಲ್ಲಿ ಕಟ್ಟಿದ್ದ ಕುದುರೆ ಲಾಳವೊಂದು ಜೋತುಬಿದ್ದು ಎಂಜಿನ್ನಿಗೆ ಬಡಿಯುತ್ತಿತ್ತು. ಕೈಯಲ್ಲಿ ಹಿಡಿದರೆ ಸದ್ದು ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಟಕ್ ಟಕ್.

ಎಂಜಿನ್ ಇಳಿಸಿ, ಬೇರಿಂಗ್ ಬದಲಿಸಿ, ಲಾಳವನ್ನು ಮೆಲ್ಲಗೆ ಕಿತ್ತುಬಿಟ್ಟರೆ ಯಾರಿಗೂ ತಿಳಿಯದು. ಸತೀಶನ ಹೆಸರು ಘೋಣಸಗಿಯಲ್ಲಿ ಅಲ್ಲಿಗೆ ಮುಗಿಯಿತು. ಅಮರಪ್ಪ ಲಾಳವನ್ನು ಹಿಡಿದುಕೊಂಡು ಮಲಗಿಯೇ ಇದ್ದ. ಮುಖದ ಮೇಲ್ಗಡೆ ಎಂಜಿನ್ ಎಷ್ಟು ಸಮನಾಗಿ ಓಡುತ್ತಿತ್ತೆಂದರೆ, ಅಮರಪ್ಪ ಸ್ವತಃ ಅಷ್ಟು ಚೆನ್ನಾಗಿ ಎಂದೂ ಕಟ್ಟಿರಲಿಲ್ಲ. ಹೊಟ್ಟೆಯ ಉರಿ ಇನ್ನೂ ಹೆಚ್ಚಾಯಿತು. ಆದರೆ ಅಂಥ ಕೆಲಸವನ್ನು ಬಿಚ್ಚಲು ಕೈ ಬರಲಿಲ್ಲ.

“ಬಾರಲೇ ಇಲ್ಲೆ,” ಎಂದು ಕೂಗಿ, ಸಾಬಣ್ಣ ಬಗ್ಗಿದಾಗ ತೋರಿಸಿದ. “ಇದನ್ಯಾರು ಕಟ್ಯಾರ?”

“ನಾನಪಾ,” ಎಂದಳು ಗುರುಸಿದ್ದವ್ವ ಒಳಗಿನಿಂದಲೇ. “ಅಮಾಸಿ ದಿನ ಬಾನೆಟ್ ತಗದಿತ್ತು, ಕಟ್ಟಿದೆ. ಹೊಸಾ ಎಂಜಿನ್, ದೃಷ್ಟಿ ಆಗಬಾರದಂತ.”

“ಯಾರ ದೃಷ್ಟಿ ಬೇ ಅಕ್ಕಾ?”

“ದಿನಾ ಇದ ಹಾದಿಲೆ ಹಾಯತೇವಲಾ...” ಎಂದವಳು ಮಾತು ನುಂಗಿ ಸೆರಗೆಳೆದುಕೊಂಡಳು. ಸಾಬಣ್ಣ ನೆಲ ನೋಡಿದ. ಆ ಹಾದಿಯಲ್ಲಿ ಇದ್ದದ್ದು ಅಮರಪ್ಪನದೊಂದೇ ಗ್ಯಾರೇಜು.

ಅಮರಪ್ಪನ ಮುಖ ಕಪ್ಪಿಟ್ಟಿತು. ಆದರೆ ಮುದುಕಿ ಕಟ್ಟಿದ್ದರಲ್ಲಿ ತಪ್ಪೇನಿರಲಿಲ್ಲ. ತಂತಿ ತಂದು ಲಾಳವನ್ನು ಎಲ್ಲಿಯೂ ತಾಗದ ಹಾಗೆ ಪಟ್ಟಿಗೆ ಬಿಗಿದು ಕಟ್ಟಿದ.

“ದಾರ ಸಾಲೂದಿಲ್ಲಬೇ. ನನ್ನ ಕಣ್ಣಿಗೆ ತಂತೀನ ಬೇಕು,” ಎಂದ. ಆಮೇಲೆ ಸಾಬಣ್ಣನ ಮುಖ ನೋಡದೆ, “ಬೇರಿಂಗ್ ಅಂದದ್ದು ನನ್ನ ತಪ್ಪು. ಚಲೋ ಕಟ್ಯಾನ,” ಎಂದ.

ಕಾರು ಬಬಲೇಶ್ವರದ ಕಡೆ ಹೊರಟಿತು. ಟಕ್ ಎನ್ನುವುದೇನೋ ಎಂದು ಅಮರಪ್ಪ ರಸ್ತೆಯಂಚಿನಲ್ಲಿ ಕಿವಿಗೊಟ್ಟು ನಿಂತ. ಅದು ತಿರುವು ದಾಟುವವರೆಗೂ ನಿಂತ. ಟಕ್ ಅನ್ನಲಿಲ್ಲ.