ನಾಲ್ಕು ಮೋಟಾರಿನ ಕಾರು, ಎರಡು ಜೊತೆ ಎತ್ತು

ನನಗೆ ಮೂಗಿನ ತುದಿಯಲ್ಲೇ ಕೋಪ. ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸೇರಿದ ಹೊಸತರಲ್ಲಂತೂ ಮಕ್ಕಳು ನನ್ನ ಮಾತನ್ನು ತಿದ್ದಿದರೆ ಮೈಯೆಲ್ಲ ಉರಿಯುತ್ತಿತ್ತು.

ಚಾಮರಾಜನಗರ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಅಲ್ಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ರೋಬೋಟ್ ಕಾರು ಮಾಡೋಣವೆಂದು ಒಂಬತ್ತನೇ ಕ್ಲಾಸಿನವರಿಗೆ ಹೇಳಿದೆ. ರೋಬೋಟ್ ಎಂದರೆ ದೊಡ್ಡದೇನಲ್ಲ. ರಟ್ಟಿನ ತಲೆ, ಎರಡು ಬಲ್ಬಿನ ಕಣ್ಣು, ಕೆಳಗೆ ಪ್ಲೈವುಡ್ಡಿನ ಗಾಡಿ, ಉದ್ದನೆಯ ವೈರಿನ ತುದಿಯಲ್ಲೊಂದು ಸ್ವಿಚ್ಚು. ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಟ್ಟ ಟೇಪ್ ರೆಕಾರ್ಡರುಗಳಿಂದ ಕಿತ್ತ ಮೋಟಾರುಗಳು ಸಿಕ್ಕವು. ಎರಡು ಹಾಕಿದಾಗ ಕಾರು ಚೆನ್ನಾಗಿಯೇ ಓಡಿತು. ಪ್ರದರ್ಶನದಲ್ಲಿ ಇಂಥ ಕಾರುಗಳ ಓಟದ ಸ್ಪರ್ಧೆಯೂ ಇತ್ತು, ನನಗೆ ದುರಾಸೆ ಹುಟ್ಟಿತು.

“ಎರಡಕ್ಕೆ ಇಷ್ಟು ವೇಗವಾದರೆ ನಾಲ್ಕಕ್ಕೆ ಎಷ್ಟು?” ಎಂದು ಕ್ಲಾಸಿನಲ್ಲಿ ಕೇಳಿದೆ.

“ಡಬಲ್ ಸಾ!” ಎಂದು ಕೂಗಿದರು. ಭೀಮನಬೀಡಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು.

“ಇಲ್ಲ ಸಾ. ನಮ್ಮಪ್ಪನ ಈರುಳ್ಳಿ ಗಾಡಿ ಕೆಸರಲ್ಲಿ ಊತ್ಕಂಡ್ರೆ ಪಕ್ಕದ ಒಲದೋರ ಎತ್ನೂ ತಂದು ಮುಂದ್ಕೆ ಕಟ್ತರೆ. ಗಾಡಿ ಮೇಲಕ್ಕೆ ಬತ್ತದೆ. ಅಂಗಂತ ರೋಡಲ್ಲಿ ಡಬಲ್ ಓಡದಾ? ಎತ್ತು ತನ್ನ ನಡಿಗೇಲೇ ನಡೀತದೆ.”

ಕ್ಲಾಸು ಗೊಳ್ಳೆಂದಿತು. ನಕ್ಕಿದ್ದು ಎತ್ತಿಗೋ ನನಗೋ ತಿಳಿಯಲಿಲ್ಲ. “ಎತ್ತಿಗೂ ಎಲೆಕ್ಟ್ರಿಸಿಟಿಗೂ ಏನಮ್ಮಿ ಸಂಬಂಧ? ನೀನು ಕಾರಿನ ಕೆಲಸಕ್ಕೆ ಬರಲೇಬೇಡ” ಎಂದು ರೇಗಿ, ಕಾರು ಮಾಡುವವರ ಪಟ್ಟಿಯಲ್ಲಿದ್ದ ಅವಳ ಹೆಸರನ್ನು ಹೊಡೆದುಹಾಕಿದೆ. ಮೋಟಾರಿಗೆ ವೈರು ಬೆಸೆಯುವುದರಲ್ಲಿ ಅವಳಷ್ಟು ಚುರುಕು ಕೈ ಇನ್ನೊಬ್ಬರದಿರಲಿಲ್ಲ. ಅದು ಗೊತ್ತಿದ್ದೂ ಹೊಡೆದುಹಾಕಿದೆ.

ನಾಲ್ಕು ಮೋಟಾರು ಕೂಡಿಸಿದೆವು. ಹೊಸ ಸೆಲ್ಲು ಸ್ಪರ್ಧೆಗೆ ಮುಂಚೆ ಸವೆದುಹೋದೀತೆಂದು ಓಡಿಸಿ ನೋಡಲೇ ಇಲ್ಲ. ಅಂಥ ಜಾಣತನ ನಮ್ಮದು!

ಚಾಮರಾಜನಗರದಲ್ಲಿ ಸ್ವಿಚ್ಚು ಒತ್ತಿದಾಗ ನಮ್ಮ ಕಾರು ಮದುವೆಮನೆಗೆ ಹೊರಟ ಹಿರಿಯರ ಹಾಗೆ ಗಂಭೀರವಾಗಿ ಹೊರಟಿತು. ಸೆಲ್ಲು ಮೊದಲಿನಷ್ಟೇ, ತಿನ್ನುವ ಬಾಯಿ ಮಾತ್ರ ನಾಲ್ಕು. ಮೇಲೆ ಆ ಮೋಟಾರುಗಳದ್ದೇ ಭಾರ. ಇನ್ನೊಂದು ಶಾಲೆಯ ಎರಡು ಮೋಟಾರಿನ ಕಾರು ಗೆರೆ ಮುಟ್ಟಿದಾಗ ನಮ್ಮದಿನ್ನೂ ಅರ್ಧ ದಾರಿಯಲ್ಲಿತ್ತು.

ತೀರ್ಪುಗಾರರು ವಯಸ್ಸಾದ ಲೆಕ್ಚರರು. “ನಾಲ್ಕು ಮೋಟಾರಿದ್ದೂ ಯಾಕ್ರೀ ಹೀಗೆ?” ಎಂದರು. ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ನನ್ನ ಬಾಯಿಂದ ಬಂದದ್ದು ಅವಳ ಮಾತು. “ಎರಡು ಜೊತೆ ಎತ್ತು ಕಟ್ಟಿದರೆ ಗಾಡಿ ಓಡುವುದಿಲ್ಲ ಸರ್, ಭಾರ ಎಳೆಯುತ್ತದೆ. ಪ್ರತಿ ಮೋಟಾರಿಗೂ ಅದರದೇ ನಡಿಗೆ. ಮೋಟಾರು ಹೆಚ್ಚಿದರೆ ಹೆಚ್ಚುವುದು ಬಲ, ವೇಗವಲ್ಲ.” ಅಲ್ಲೇ ಬಿದ್ದಿದ್ದ ಇಟ್ಟಿಗೆಯೊಂದನ್ನು ಕಾರಿನ ಮೇಲಿಟ್ಟೆ. ಕಾರು ಸುಮಾರಾಗಿ ಅದೇ ನಡಿಗೆಯಲ್ಲಿ ಹೊತ್ತು ಹೋಯಿತು. ಗೆದ್ದ ಕಾರಿನ ಮೇಲಿಟ್ಟರೆ ಅದು ಅಲ್ಲೇ ನಿಂತಿತು.

“ಎಷ್ಟು ಚೆನ್ನಾಗಿ ಹೇಳಿದಿರಿ ಮೇಷ್ಟ್ರೇ!” ಎಂದು ಅವರು ಚಪ್ಪಾಳೆ ತಟ್ಟಿದರು. ಒಳ್ಳೆಯ ವಿವರಣೆಗೆಂದು ನನ್ನ ಹೆಸರಿಗೇ ಪ್ರಶಸ್ತಿಪತ್ರ ಬಂತು. ಜೊತೆಗಿದ್ದ ಹುಡುಗರು ನನ್ನ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಪಸು ಬರುವಾಗ ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ಆ ಪತ್ರವನ್ನು ಚೀಲದ ತಳಕ್ಕೆ ತುರುಕಿದ್ದೆ. ಮಗುವಿನ ಮಾತು ಕದ್ದಿದ್ದೆ. ತುಂಬಾ ನಾಚಿಕೆಯಾಗಿತ್ತು.

ಮಾರನೇ ದಿನ ಕ್ಲಾಸಿನಲ್ಲಿ ಎಲ್ಲರೆದುರೇ ನಡೆದದ್ದು ಹೇಳಿ, ಪತ್ರವನ್ನು ಅವಳ ಕೈಗೆ ಕೊಟ್ಟೆ.

“ಇದ್ರಲ್ಲಿ ನಿಮ್ಮೆಸ್ರು ಅದೆ ಸಾ.”

“ಉತ್ತರ ನಿಂದು ಕಣಮ್ಮಿ. ನಾನು ಹೇಳಿಕೊಟ್ಟದ್ದೇ ತಪ್ಪು.”

ಅವಳು ಪತ್ರವನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿದ್ದ ಕಾರಿನ ಕಡೆ ಬಗ್ಗಿದಳು. “ಒಂದೇ ಮೋಟ್ರು ಬುಟ್ಟು ಮಿಕ್ಕವ್ನೆಲ್ಲ ಬಿಚ್ಚಾಕ್ಬುಟ್ರೆ ಇನ್ನೂ ಜೋರಾಗಿ ಓಯ್ತದಾ ಸಾ?”

ನಾಲಿಗೆಯ ತುದಿಗೆ ಏನೋ ಉತ್ತರ ಬಂದಿತ್ತು. ನುಂಗಿಕೊಂಡೆ. “ಗೊತ್ತಿಲ್ಲ. ಬಿಚ್ಚಿ ನೋಡನ ಬಾ” ಎಂದು ಸ್ಕ್ರೂಡ್ರೈವರ್ ಚಾಚಿದೆ.

ಅವಳು ತೆಗೆದುಕೊಳ್ಳಲಿಲ್ಲ. ಕೈ ಕಟ್ಟಿ ನಿಂತಳು.

“ಮೊದ್ಲು ಪಟ್ಟೀಲಿ ನನ್ನೆಸ್ರು ಬರ್ದುಬುಡಿ ಸಾ.”